ಹಾವಿನ ಮರಿಗೆ ಎಷ್ಟು ದೊಡ್ಡ ಮನೆ ಬೇಕು?

ನಮ್ಮ ಸಮಾಜದ ಮನೆಗಳಲ್ಲಿ ಪ್ರಾಣಿಗಳನ್ನು ಸಾಕುವುದು ಹೊಸ ಸಂಗತಿಯಲ್ಲ. ಆಕಳು ಎತ್ತುಗಳಂತೂ ಮನೆತನದ ಸದಸ್ಯರೇ ಆಗಿ ಬಾಳಿವೆ. ಪಟ್ಟಣ ಸೇರಿದ ಮೇಲೆ ನಾಯಿ, ಬೆಕ್ಕು, ಗಾಜಿನ ತೊಟ್ಟಿಯ ಮೀನು ಇವು ಬಂದವು. ಅವುಗಳಿಗೂ ನಾವು ಒಗ್ಗಿಕೊಂಡೆವು. ಆದರೆ ಮನೆಯ ಮಗನೇ ಬಂದು "ಹಾವಿನ ಮರಿಯೊಂದನ್ನು ಸಾಕುತ್ತೇನೆ, ಅದಕ್ಕೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು?" ಎಂದು ಕೇಳಿದರೆ ಹಿರಿಯರಾದ ನಾವು ಏನು ಹೇಳಬೇಕು? ಗದರಿಸಿ ಸುಮ್ಮನಾಗಿಸಬಹುದು. ಆದರೆ ಗದರಿಕೆ ಉತ್ತರವಲ್ಲ. ಕಳೆದ ಮಳೆಗಾಲದಲ್ಲಿ ಹೆಬ್ರಿಯಲ್ಲಿ ಇಂಥ ಪ್ರಶ್ನೆಯನ್ನು ನಾವು ಎದುರಿಸಬೇಕಾಯಿತು. ಅದಕ್ಕೆ ಸರಿಯಾದ ಉತ್ತರವನ್ನು ಹುಡುಕುತ್ತ ಹೋದಾಗ ತಿಳಿದುಬಂದ ವಿಷಯಗಳನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ರೊಟ್ಟಿಯ ಡಬ್ಬಿಯಲ್ಲಿ ಕೇರೆಮರಿ

ಹೆಬ್ರಿಯು ಉಡುಪಿ ಜಿಲ್ಲೆಯಲ್ಲಿ ಪಶ್ಚಿಮಘಟ್ಟದ ಅಡಿಯಲ್ಲಿರುವ ಊರು. ಇಲ್ಲಿಂದ ಸೋಮೇಶ್ವರದ ಮೂಲಕ ಘಟ್ಟದ ತಿರುವುಗಳನ್ನು ಏರಿದರೆ ಆಗುಂಬೆ. ಅಡಿಕೆ ತೋಟ, ಗದ್ದೆ, ಕಾಡು, ತೊರೆ ಇವೆಲ್ಲ ಇಲ್ಲಿ ಒಂದರ ಮಗ್ಗುಲಲ್ಲಿ ಒಂದಿವೆ. ಇಂಥ ಕಡೆ ಹಾವುಗಳು ಹೇರಳವಾಗಿರುವುದು ಸಹಜ. ಹಾವೇರಿ ಜಿಲ್ಲೆಯಿಂದ ನೌಕರಿಯ ನಿಮಿತ್ತ ಬಂದು ಇಲ್ಲಿ ನೆಲೆಸಿರುವ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ನಾವು ನಾಲ್ಕು ದಿನ ತಂಗಿದ್ದೆವು.

ಎರಡನೆಯ ದಿನ ಸಂಜೆ ಆ ಮನೆಯ ಹುಡುಗ, ಕಾಲೇಜಿನ ಮೊದಲ ವರ್ಷದಲ್ಲಿರುವವನು, ನಮ್ಮನ್ನು ಹಿತ್ತಿಲಿನ ಕೋಣೆಗೆ ಕರೆದುಕೊಂಡು ಹೋದನು. ಊರಿನಿಂದ ಖಡಕ್ ರೊಟ್ಟಿ ತರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತುಗಳನ್ನು ಕೊರೆದು, ಅದರೊಳಗೆ ಒಂದೂವರೆ ಅಡಿ ಉದ್ದದ ಹಾವಿನ ಮರಿಯೊಂದನ್ನು ಇಟ್ಟಿದ್ದನು. ತೋಟದ ಅಂಚಿನಲ್ಲಿ ಸಿಕ್ಕಿತಂತೆ. ಹಿಡಿದು ಮೂರು ದಿನಗಳಾಗಿದ್ದವು. ಒಂದು ಮೂಲೆಯಲ್ಲಿ ಬಟ್ಟಲ ತುಂಬ ಹಾಲು, ಪಕ್ಕದಲ್ಲಿ ಚಪಾತಿಯ ಚೂರು. ಎರಡನ್ನೂ ಅದು ಮುಟ್ಟಿರಲಿಲ್ಲ. ಮುಚ್ಚಳ ತೆಗೆದೊಡನೆ ಗೋಡೆಗೆ ಮೂತಿಯನ್ನು ತಿಕ್ಕುತ್ತ ಡಬ್ಬಿಯ ಸುತ್ತ ಸುತ್ತಿತು.

"ಕಾಕಾ, ಇದಕ್ಕ ಎಷ್ಟು ದೊಡ್ಡ ಪೆಟ್ಟಿಗಿ ಬೇಕಾಗ್ತದ? ಫಾರಿನ್ನಿನವರು ಒಂದು ರ‍್ಯಾಕಿನೊಳಗ ನೂರು ಹಾವು ಇಟ್ಟಿರ್ತಾರ. ನಾನೂ ಹಂಗ ಮಾಡಬೇಕಂತೀನಿ" ಎಂದನು. ಮೊಬೈಲಿನಲ್ಲಿ ನೋಡಿದ ಚಿತ್ರಗಳಿಂದ ಅಳತೆಗಳನ್ನು ಗುರುತು ಹಾಕಿಕೊಂಡು, ಕಪಾಟಿನ ನಕ್ಷೆಯೊಂದನ್ನೂ ನೋಟುಬುಕ್ಕಿನಲ್ಲಿ ಬರೆದಿದ್ದನು. ಹುಡುಗನಲ್ಲಿ ಕ್ರೌರ್ಯವಿರಲಿಲ್ಲ, ಇದ್ದುದು ಆಸಕ್ತಿ. ಆದ್ದರಿಂದಲೇ ಅವನ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಿಲ್ಲ.

ಅಷ್ಟರಲ್ಲಿ ಪಕ್ಕದ ತೋಟದವರು ಬಂದು ಇಣುಕಿ ನೋಡಿ, "ಇದು ಕೇರೆಮರಿ ಮಾರಾಯ್ರೆ, ವಿಷ ಇಲ್ಲ. ಆದ್ರೂ ನೀವು ಗೊತ್ತಿಲ್ಲದೆ ಕೈ ಹಾಕಿದ್ದು ದೊಡ್ಡ ತಪ್ಪು" ಎಂದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ತಮ್ಮ ಹೊಲದ ಅನುಭವವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು: "ಹೊಲದಾಗ ಇರೋ ಕೇರೀನ ತಂದು ಡಬ್ಬ್ಯಾಗ ಹಾಕಿದ್ರ ಇಲಿ ಹಿಡಿಯೋರು ಯಾರೋ ತಮ್ಮಾ?"

ರ‍್ಯಾಕ್ ಎಂಬುದು ಹುಟ್ಟಿದ್ದು ಹೇಗೆ?

ಮೊದಲು ಹುಡುಗನ ಪ್ರಶ್ನೆಯ ಮೂಲವನ್ನು ನೋಡೋಣ. ಅವನು ಕಂಡ ಚಿತ್ರಗಳು ಅಮೆರಿಕ, ಯುರೋಪುಗಳ ಹಾವು ಸಾಕಣೆದಾರರವು. ಅಲ್ಲಿ ಮನೆಗಳಲ್ಲಿ ಹೆಚ್ಚಾಗಿ ಸಾಕುವ ಹಾವುಗಳಲ್ಲಿ ಎರಡು ಮುಖ್ಯ. ಒಂದು, ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಮುಂತಾದ ದೇಶಗಳ 'ಬಾಲ್ ಪೈಥಾನ್' ಎಂಬ ಚಿಕ್ಕ ಹೆಬ್ಬಾವು. ಬೆದರಿದಾಗ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಇನ್ನೊಂದು, ಅಮೆರಿಕದ 'ಕಾರ್ನ್ ಸ್ನೇಕ್'. ಎರಡೂ ವಿಷವಿಲ್ಲದವು. 1992ರಲ್ಲಿ ಬಿಳಿಚು ಬಣ್ಣದ ಬಾಲ್ ಪೈಥಾನ್ ಮರಿಗಳನ್ನು ಮೊದಲ ಬಾರಿಗೆ ಸಾಕಣೆಯಲ್ಲಿ ಹುಟ್ಟಿಸಲಾಯಿತು. ಅಲ್ಲಿಂದ ಮುಂದೆ ಬಗೆಬಗೆಯ ಬಣ್ಣದ ಮರಿಗಳಿಗೆ ಭಾರಿ ಬೆಲೆ ಬಂದಿತು. ನೂರಾರು ಮರಿಗಳನ್ನು ಒಂದೇ ಕೋಣೆಯಲ್ಲಿ ಸಾಕುವ ಅಗತ್ಯ ಉಂಟಾಯಿತು. ರ‍್ಯಾಕ್ ಪದ್ಧತಿಯು ಬೆಳೆದು ಹರಡಿದ್ದು ಇಂಥ ವ್ಯಾಪಾರದ ಅನುಕೂಲಕ್ಕಾಗಿ.

ಅದರ ರಚನೆ ಸರಳ. ಕಿರಾಣಿ ಅಂಗಡಿಯ ಖಾನೆಗಳ ಕಪಾಟನ್ನು ನೆನೆಸಿಕೊಳ್ಳಿರಿ. ಒಂದರ ಮೇಲೊಂದು ಹಲಗೆಗಳು. ಪ್ರತಿ ಹಲಗೆಯ ಮೇಲೆ ಎಳೆದು ತೆಗೆಯುವಂಥ ಪ್ಲಾಸ್ಟಿಕ್ ಖಾನೆಗಳು. ಒಂದೊಂದು ಖಾನೆಯಲ್ಲಿ ಒಂದೊಂದೇ ಹಾವು. ಖಾನೆಗೆ ಬೇರೆ ಮುಚ್ಚಳವಿರುವುದಿಲ್ಲ; ಮೇಲಿನ ಹಲಗೆಯೇ ಮುಚ್ಚಳ. ಹಿಂಬದಿಯಲ್ಲಿ ಬಿಸಿಯ ತಂತಿ ಅಥವಾ ಪಟ್ಟಿ, ಅದನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್. ಹಿಂದೆ ಬಿಸಿ, ಮುಂದೆ ತಂಪು. ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದ ಹಾವು ತನಗೆ ಬೇಕಾದ ಕಡೆಗೆ ಸರಿದುಕೊಳ್ಳಬೇಕು ಎಂಬುದು ಇದರ ತತ್ವ. ಬಾಲ್ ಪೈಥಾನಿಗೆ ಬಿಸಿಯ ಬದಿ 31ರಿಂದ 33 ಡಿಗ್ರಿ, ತಂಪಿನ ಬದಿ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು.

ಮೇಲ್ನೋಟಕ್ಕೆ ಇದು ಒಳ್ಳೆಯ ವ್ಯವಸ್ಥೆಯೆಂದೇ ತೋರುತ್ತದೆ. ಕತ್ತಲಾದ ಇಕ್ಕಟ್ಟಿನ ಜಾಗದಲ್ಲಿ ಮರಿಗಳು ಅಂಜಿಕೆಯಿಲ್ಲದೆ ಇರುತ್ತವೆ, ಬೇಗ ಉಣ್ಣಲು ಕಲಿಯುತ್ತವೆ, ತೇವಾಂಶ ಉಳಿಯುತ್ತದೆ, ಶುಚಿಮಾಡುವುದು ಸುಲಭ. ಕಾಡಿನಲ್ಲಿಯೂ ಬಾಲ್ ಪೈಥಾನ್ ಇಲಿಯ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಹಗಲು ಕಳೆಯುವ ಹಾವು ಎಂಬುದು ಅವರ ವಾದ. ಈ ವಾದದಲ್ಲಿ ಅರ್ಧ ಸತ್ಯವಿದೆ. ಬಿಲದಲ್ಲಿ ಹಗಲು ಕಳೆಯುತ್ತದೆ ನಿಜ; ಆದರೆ ರಾತ್ರಿ ಹೊರಬಂದು ಓಡಾಡುತ್ತದೆ, ಬೇಟೆ ಹುಡುಕುತ್ತದೆ, ಮರ ಹತ್ತುವುದೂ ಉಂಟು. ನಾವು ರಾತ್ರಿ ಮಲಗುವುದು ಹಾಸಿಗೆಯ ಮೇಲೆ ಎಂದ ಮಾತ್ರಕ್ಕೆ ಹಾಸಿಗೆಯಷ್ಟೇ ಅಗಲದ ಮನೆ ನಮಗೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪುತ್ತೇವೆಯೇ?

ಅಳತೆಯ ಲೆಕ್ಕ

ಹಾವಿನ ಗೂಡಿನ ಅಳತೆಯ ವಿಷಯದಲ್ಲಿ ಹಳೆಯ ರೂಢಿಯೊಂದಿತ್ತು. ಪೆಟ್ಟಿಗೆಯ ಉದ್ದ ಮತ್ತು ಅಗಲ ಎರಡನ್ನೂ ಕೂಡಿಸಿದರೆ ಹಾವಿನ ಉದ್ದಕ್ಕೆ ಸಮವಾದರೆ ಸಾಕು ಎಂದು ಎಷ್ಟೋ ಜನ ಹೇಳುತ್ತಿದ್ದರು. ಹಾವು ಯಾವಾಗಲೂ ಸುತ್ತಿಕೊಂಡೇ ಇರುತ್ತದೆ, ಅದಕ್ಕೆ ನೀಳವಾಗುವ ಅಗತ್ಯವಿಲ್ಲ ಎಂಬ ನಂಬಿಕೆ ಇದರ ಹಿಂದಿತ್ತು. ಈ ನಂಬಿಕೆ ಇಂದು ನಿಲ್ಲುವುದಿಲ್ಲ. ಜರ್ಮನಿಯಲ್ಲಿ 1997ರ ಜನವರಿಯಲ್ಲಿ ಪ್ರಕಟವಾದ ಸರೀಸೃಪ ಪಾಲನೆಯ ಕನಿಷ್ಠ ನಿಯಮಗಳು, ಗೂಡಿನ ಅಳತೆಯನ್ನು ಪ್ರಾಣಿಯ ಮೈಯುದ್ದದ ಇಷ್ಟು ಪಾಲು ಎಂದು ಲೆಕ್ಕ ಹಾಕುವ ಕ್ರಮವನ್ನು ಅನುಸರಿಸಿದವು. 2019ರಲ್ಲಿ ಇಂಗ್ಲೆಂಡಿನ ಸಂಶೋಧಕರು ಸಾಕಿದ ಹಾವುಗಳನ್ನು ಗಮನಿಸಿ, ಅವು ಅವಕಾಶ ದೊರೆತಾಗ ಮೈಯನ್ನು ನೆಟ್ಟಗೆ ಚಾಚುವುದು ಸಾಮಾನ್ಯವೆಂದೂ, ಪೂರ್ತಿ ಚಾಚಲು ಬಾರದಷ್ಟು ಚಿಕ್ಕ ಗೂಡು ಸರಿಯಲ್ಲವೆಂದೂ ಬರೆದರು.

ಆದ್ದರಿಂದ ಇಂದಿನ ತಿಳಿವಳಿಕೆಯಂತೆ ಗೂಡಿನ ಉದ್ದವು ಹಾವಿನ ಉದ್ದಕ್ಕಿಂತ ಕಡಿಮೆಯಿರಬಾರದು. ಅಗಲವು ಅದರ ಅರ್ಧದಷ್ಟಾದರೂ ಇರಬೇಕು. ಹತ್ತುವ ಹಾವಾದರೆ ಎತ್ತರವೂ ಬೇಕು. ಉದಾಹರಣೆಗೆ, ಮೊಟ್ಟೆಯಿಂದ ಹೊರಬಂದ ಬಾಲ್ ಪೈಥಾನ್ ಮರಿ 25ರಿಂದ 43 ಸೆಂಟಿಮೀಟರ್ ಇರುತ್ತದೆ. ಅದಕ್ಕೆ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಗೂಡು ಮೊದಲ ತಿಂಗಳುಗಳಿಗೆ ಸಾಕು. ವ್ಯಾಪಾರಿಗಳು ಇಂಥ ಮರಿಯನ್ನು ಪಾದರಕ್ಷೆಯ ಪೆಟ್ಟಿಗೆಯಷ್ಟು ಖಾನೆಯಲ್ಲಿ ಇಡುವುದುಂಟು. ಬೆಳೆದಾಗ ಅದು ನಾಲ್ಕರಿಂದ ಐದು ಅಡಿಯಾಗುತ್ತದೆ. ಆಗ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗೂಡು ಸಾಮಾನ್ಯ ಸಲಹೆ. ಹಾವು ಅದಕ್ಕೂ ಉದ್ದವಾದರೆ ಗೂಡೂ ಉದ್ದವಾಗಬೇಕು. ಈ ಹಾವು ಸಾಕಣೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ ಎಂಬುದನ್ನೂ ನೆನಪಿಡಬೇಕು. ಮರಿಯನ್ನು ನೋಡಿ ಗೂಡು ಕೊಳ್ಳುವವನು ಮುಂದಿನ ಇಪ್ಪತ್ತು ವರ್ಷಗಳ ಜಾಗವನ್ನು ಮನೆಯಲ್ಲಿ ಮೊದಲೇ ಗುರುತಿಸಬೇಕು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ದೊಡ್ಡ ಗೂಡಿನಲ್ಲಿಟ್ಟ ಮರಿ ಅಂಜಿ ಉಣ್ಣುವುದನ್ನೇ ಬಿಡುತ್ತದೆ ಎಂದು ರ‍್ಯಾಕ್ ಪಕ್ಷದವರು ಹೇಳುತ್ತಾರೆ. ಹಾಗಾಗುವುದು ಸುಳ್ಳಲ್ಲ. ಆದರೆ ಮರಿಯನ್ನು ಅಂಜಿಸುವುದು ಗೂಡಿನ ದೊಡ್ಡತನವಲ್ಲ, ಅದರ ಬಯಲುತನ. ಬಿಸಿಯ ಬದಿಯಲ್ಲೊಂದು, ತಂಪಿನ ಬದಿಯಲ್ಲೊಂದು ಅಡಗುತಾಣವನ್ನಿಟ್ಟು, ಒಣ ಎಲೆ, ತೊಗಟೆ, ಕೊಂಬೆಗಳಿಂದ ನಡುವಿನ ಬಯಲನ್ನು ಮರೆಮಾಡಿದರೆ ದೊಡ್ಡ ಗೂಡಿನಲ್ಲಿಯೂ ಮರಿ ನೆಮ್ಮದಿಯಿಂದಿರುತ್ತದೆ. ಅಡಗುತಾಣವು ಮೈಗೆ ತಾಗುವಷ್ಟು ಇಕ್ಕಟ್ಟಾಗಿರಲಿ, ಗೂಡು ಮೈಚಾಚುವಷ್ಟು ವಿಶಾಲವಾಗಿರಲಿ. ಇವೆರಡೂ ಒಟ್ಟಿಗೆ ಇರಬೇಕೆಂಬುದೇ ಇದರ ಸಾರಾಂಶ.

ರ‍್ಯಾಕಿನಲ್ಲಿ ಇನ್ನೂ ಕೆಲವು ತೊಡಕುಗಳುಂಟು. ಖಾನೆಗೂ ಮೇಲಿನ ಹಲಗೆಗೂ ನಡುವೆ ಮರಿಯ ತಲೆ ತೂರುವಷ್ಟು ಸಂದಿದ್ದರೆ ಮೈಯೂ ತೂರುತ್ತದೆ. ತಪ್ಪಿಸಿಕೊಂಡ ಮರಿ ಯಾವ ಮೂಲೆಗೆ ಸೇರಿತೆಂದು ಹುಡುಕುವುದು ಕಷ್ಟ. ಥರ್ಮೋಸ್ಟಾಟ್ ಕೆಟ್ಟರೆ ಒಂದೇ ರಾತ್ರಿಯಲ್ಲಿ ಸಾಲಿನ ಎಲ್ಲ ಮರಿಗಳೂ ಬೆಂದು ಸಾಯಬಹುದು. ನಮ್ಮ ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಗಾಳಿಯೇ ನೀರಾಗಿರುತ್ತದೆ. ಕೆಲವೇ ತೂತುಗಳ ಖಾನೆಯಲ್ಲಿ ಬೂಷ್ಟು ಹಿಡಿದು ಹೊಟ್ಟೆಯ ಹುರುಪೆಗಳು ಕೊಳೆಯುವ ರೋಗ ಬರುತ್ತದೆ. ಕರೆಂಟು ಹೋದರೆ ಬಿಸಿಯೂ ಹೋಯಿತು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ಸಂಕಟ. ಅಲ್ಲಿ ಗೂಡನ್ನು ಬಿಸಿಮಾಡುವುದಲ್ಲ, ತಂಪಾಗಿಡುವುದೇ ಕಷ್ಟ.

ಮನೆತನದವರು ಯೋಚಿಸಬೇಕಾದ ಮಾತು

ಅಳತೆಯ ಮಾತು ಹೀಗಾಯಿತು. ಆದರೆ ನಮ್ಮಂಥ ಮನೆಗಳಲ್ಲಿ ಅಳತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ.

ಮೊದಲನೆಯದು ಆಹಾರ. ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ. ನೀರಡಿಸಿದಾಗ ಬಲವಂತಕ್ಕೆ ಕುಡಿದರೂ ಅದು ಅದಕ್ಕೆ ಆಹಾರವಲ್ಲ. ಅನ್ನ, ರೊಟ್ಟಿ, ಬಾಳೆಹಣ್ಣು ಯಾವುದೂ ನಡೆಯುವುದಿಲ್ಲ. ಬಾಲ್ ಪೈಥಾನಿಗೆ ಇಲಿಯೇ ಆಗಬೇಕು. ಸಾಕುವವರು ಇಲಿಮರಿಗಳನ್ನು ಮಂಜುಗಡ್ಡೆಯಾಗಿಸಿ ಶೇಖರಿಸಿಟ್ಟು, ವಾರ ಹತ್ತು ದಿನಕ್ಕೊಂದರಂತೆ ಕರಗಿಸಿ ಉಣಿಸುತ್ತಾರೆ. ಲಿಂಗಪೂಜೆ ಮಾಡಿ ಪ್ರಸಾದ ಸ್ವೀಕರಿಸುವ ಮನೆಯ ಫ್ರಿಜ್ಜಿನಲ್ಲಿ ಇದಕ್ಕೆ ಸ್ಥಳವಿದೆಯೇ? ಇಲ್ಲವೆಂದಾದರೆ ಹಾವನ್ನು ತರುವ ಮಾತೂ ಇಲ್ಲ. ಹಾವಿನ ಆಹಾರವನ್ನು ಕಂಡು ಅಸಹ್ಯಪಡುವುದು ತಪ್ಪು. ಅದು ಅದರ ಧರ್ಮ. ಆದರೆ ಅದಕ್ಕೆ ಬೇಕಾದುದನ್ನು ಕೊಡಲಾರದೆ ಅದನ್ನು ಕೂಡಿಹಾಕುವುದು ಮಾತ್ರ ನಮ್ಮ ಅಧರ್ಮ.

ಎರಡನೆಯದು ಆರೋಗ್ಯ. ಆರೋಗ್ಯವಾಗಿ ಕಾಣುವ ಹಾವಿನ ಮೈಯಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಇರಬಹುದು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವೃದ್ಧರು ಇರುವ ಮನೆಯಲ್ಲಿ ಅಪಾಯ ಹೆಚ್ಚು. ಅಡುಗೆಮನೆಯ ಪಾತ್ರೆ, ಬಚ್ಚಲು ಇವುಗಳಲ್ಲಿ ಹಾವಿನ ಖಾನೆಯನ್ನು ತೊಳೆಯಕೂಡದು. ಮುಟ್ಟಿದ ಪ್ರತಿಸಲ ಸಾಬೂನಿನಿಂದ ಕೈ ತೊಳೆಯಬೇಕು.

ಮೂರನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಪಟ್ಟಿಮಾಡಿದ ನಮ್ಮ ನೆಲದ ಹಾವುಗಳನ್ನು ಹಿಡಿಯುವುದಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದಾಗಲಿ ಅಪರಾಧ. ಕೇರೆಹಾವು ಕೂಡ ಆ ಪಟ್ಟಿಯಲ್ಲಿದೆ. 'ವಿಷವಿಲ್ಲ', 'ನಮ್ಮ ತೋಟದಲ್ಲೇ ಸಿಕ್ಕಿತು' ಎಂಬುದು ಸಮಾಧಾನವಲ್ಲ. ವಿದೇಶದ ಹಾವುಗಳ ವಿಷಯದಲ್ಲಿಯೂ ಕಾಯ್ದೆ ಈಗ ಬಿಗಿಯಾಗಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ; 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮಗಳು ಪ್ರಕಟವಾದವು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನಿನಂಥ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ನೋಂದಾಯಿಸಬೇಕು; ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಪತ್ರವಿಲ್ಲದೆ ಮಾರುವವನಿಂದ ಕೊಂಡರೆ ಕೊಂಡವನೂ ತೊಂದರೆಗೆ ಸಿಕ್ಕುತ್ತಾನೆ.

ಈ ವ್ಯಾಪಾರದ ಕರಾಳ ಮುಖ ನಮ್ಮ ರಾಜ್ಯದಲ್ಲೇ ಬಯಲಾಗಿದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ ಸುಂಕದ ಅಧಿಕಾರಿಗಳಿಗೆ 78 ಪ್ರಾಣಿಗಳು ದೊರೆತವು: ಬಗೆಬಗೆಯ ಬಣ್ಣದ 55 ಬಾಲ್ ಪೈಥಾನ್‌ಗಳು, 17 ಕಾಳಿಂಗಸರ್ಪಗಳು, 6 ಕೋತಿಗಳು. ಹಾವುಗಳು ಬದುಕಿದ್ದವು, ಕೋತಿಗಳೆಲ್ಲ ಸತ್ತಿದ್ದವು. 2024ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಾಗಳು ಸಿಕ್ಕವು. ಗೂಡಿನ ಅಳತೆಯ ಬಗೆಗೆ ನಾವು ಚರ್ಚಿಸುತ್ತಿದ್ದೇವೆ. ಆ ಜೀವಿಗಳು ಪ್ರಯಾಣ ಮಾಡಿದ್ದು ಸೂಟ್‌ಕೇಸಿನಲ್ಲಿ.

ಮಣ್ಣಿನ ಮಡಕೆಯೂ ಎಲೆಯ ಗೂಡೂ

ಹಾಗಾದರೆ ನಮ್ಮ ದೇಶದಲ್ಲಿ ಹಾವುಗಳನ್ನು ಕೂಡಿಡುವ ಕ್ರಮವೇ ಇಲ್ಲವೇ? ಇದೆ. ತಮಿಳುನಾಡಿನಲ್ಲಿ ಇರುಳ ಜನಾಂಗದ ಹಾವುಹಿಡಿಯುವವರು 1978ರಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಹಾವಿನ ಚರ್ಮದ ವ್ಯಾಪಾರ ನಿಂತು ಅವರ ಜೀವನೋಪಾಯ ಹೋದಾಗ, ಹಾವನ್ನು ಕೊಲ್ಲದೆ ವಿಷವನ್ನು ಮಾತ್ರ ತೆಗೆದು ಔಷಧಿಗೆ ಒದಗಿಸುವ ದಾರಿಯನ್ನು ಅವರು ಕಂಡುಕೊಂಡರು. ಸರ್ಕಾರದ ಪರವಾನಗಿಯಿಂದ ಹಿಡಿದ ಹಾವುಗಳನ್ನು ಅವರು ಮಣ್ಣಿನ ಮಡಕೆಗಳಲ್ಲಿ, ತಳದಲ್ಲಿ ಮರಳು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾರೆ. ಮಡಕೆ ತಂಪು, ಕತ್ತಲು, ಗಾಳಿಯಾಡುವಂಥದು. ಅಳತೆಯಲ್ಲಿ ಚಿಕ್ಕದೇ, ಆದರೆ ಅಲ್ಲಿ ಹಾವಿನ ವಾಸ ಕೆಲವೇ ವಾರಗಳದು. ಕೆಲವು ಸಲ ವಿಷ ತೆಗೆದ ಬಳಿಕ ಗುರುತು ಮಾಡಿ ಮತ್ತೆ ಬಯಲಿಗೆ ಬಿಡುತ್ತಾರೆ. ಚಿಕ್ಕ ಗೂಡು ಸಹ್ಯವಾಗುವುದು ಅಲ್ಪಕಾಲಕ್ಕೆ, ನಿಶ್ಚಿತವಾದ ಉದ್ದೇಶಕ್ಕೆ ಮಾತ್ರ ಎಂಬುದು ಇದರಿಂದ ತಿಳಿಯುವ ಪಾಠ.

ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗಸರ್ಪಗಳ ಸಂತಾನಾಭಿವೃದ್ಧಿಯ ಕಾರ್ಯ ನಡೆದಿದೆ. ಅದಕ್ಕೆ ಪರಿಣತರು, ಪಶುವೈದ್ಯರು, ಸರ್ಕಾರದ ಅನುಮತಿ ಎಲ್ಲವೂ ಬೇಕು. ಮನೆಯ ಹಿತ್ತಿಲಿನ ಕೋಣೆಯಲ್ಲಿ ಆಗುವ ಕೆಲಸ ಅದಲ್ಲ.

ಇನ್ನು ಹೆಬ್ರಿಯ ಮೇಲ್ಗಡೆಯ ಆಗುಂಬೆ. ಉರಗತಜ್ಞ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಕಾಳಿಂಗಸರ್ಪದ ಜೀವನವನ್ನು ಅದರ ಸ್ವಂತ ನೆಲದಲ್ಲೇ ಅಭ್ಯಾಸ ಮಾಡುವುದು ಅದರ ಮುಖ್ಯ ಕಾರ್ಯವಾಯಿತು. ಪಶ್ಚಿಮಘಟ್ಟದ ಕಾಳಿಂಗವು ಉತ್ತರ ಭಾರತದ, ಆಗ್ನೇಯ ಏಷ್ಯಾದ ಕಾಳಿಂಗಗಳಿಂದ ಬೇರೆಯಾದ ಪ್ರಭೇದವೆಂದು 2024ರಲ್ಲಿ ಪಿ. ಗೌರಿಶಂಕರ್ ಮತ್ತು ಅವರ ಸಂಗಡಿಗರು ತೋರಿಸಿದರು. ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರು 'ಓಫಿಯೋಫೇಗಸ್ ಕಾಳಿಂಗ'. ಕನ್ನಡದ ಹೆಸರೇ ಜಗತ್ತಿನ ವಿಜ್ಞಾನದ ಹೆಸರಾಯಿತೆಂಬುದು ನಮಗೆಲ್ಲ ಹೆಮ್ಮೆಯ ವಿಷಯ.

ಮರಿಗಳ ಮನೆಯ ವಿಚಾರದಲ್ಲಿ ಈ ಕಾಳಿಂಗಮಾತೆಗೆ ಸಮಾನರಿಲ್ಲ. ಬೇರೆ ಹಾವುಗಳು ಬಿಲದಲ್ಲೋ ಪೊಟರೆಯಲ್ಲೋ ಮೊಟ್ಟೆಯಿಡುತ್ತವೆ. ಕಾಳಿಂಗವು ಬೇಸಿಗೆಯ ಕೊನೆಗೆ ಮೈಯ ಸುರುಳಿಯಿಂದ ತರಗೆಲೆಗಳನ್ನು ಎಳೆದು ಕೂಡಿಸಿ ರಾಶಿಯ ಗೂಡು ಕಟ್ಟುತ್ತದೆ. ಹೊರಗೆ ಆಗುಂಬೆಯ ಮಳೆ ಸುರಿಯುತ್ತಿದ್ದರೂ ಒಳಗಿನ ಮೊಟ್ಟೆಯ ಕೋಣೆ ತೋಯದಂತೆ ಅದು ಎಲೆಗಳನ್ನು ಬಿಗಿಯುತ್ತದೆ. ಕೊಳೆಯುವ ಎಲೆಗಳ ಕಾವಿನಲ್ಲಿ ಮೊಟ್ಟೆಗಳು ಎರಡು ಮೂರು ತಿಂಗಳು ಬಲಿಯುತ್ತವೆ. ತಾಯಿ ಬಹುಕಾಲ ಕಾವಲಿದ್ದು, ಮರಿಗಳು ಹೊರಬರುವ ಮುನ್ನ ಹೊರಟುಹೋಗುತ್ತಾಳೆ. ಅರ್ಧ ಮೀಟರಿನಷ್ಟು ಉದ್ದದ, ಕಪ್ಪು ಮೈಗೆ ಬೆಳ್ಳನೆಯ ಪಟ್ಟೆಗಳ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಆ ಮನೆಯನ್ನು ಬಿಟ್ಟು ಚದುರುತ್ತವೆ. ಹುಟ್ಟಿದಂದಿನಿಂದಲೇ ಅವುಗಳಲ್ಲಿ ವಿಷವಿರುತ್ತದೆ. ತೋಟದಲ್ಲಿ ಇಂಥ ಗೂಡು ಕಂಡಾಗ ನಾಶಮಾಡದೆ ಅರಣ್ಯ ಇಲಾಖೆಗೂ ಸಂಶೋಧಕರಿಗೂ ತಿಳಿಸಿ, ಮರಿಗಳು ಹೋಗುವವರೆಗೆ ಆ ಕಡೆ ಕೆಲಸ ನಿಲ್ಲಿಸಿದ ಕೃಷಿಕರು ಮಲೆನಾಡಿನಲ್ಲಿದ್ದಾರೆ. ಹಾವಿನ ಮರಿಗಳಿಗೆ ಮನೆ ಕೊಡುವುದೆಂದರೆ ನಿಜವಾಗಿ ಇದೇ ಅಲ್ಲವೇ?

ಅದೇ ಆಗುಂಬೆಯಲ್ಲಿ ರೇಡಿಯೋ ಸಾಧನವನ್ನು ಅಳವಡಿಸಿ ಕಾಳಿಂಗಗಳ ಜಾಡು ಹಿಡಿದಾಗ ಮತ್ತೊಂದು ಸಂಗತಿ ತಿಳಿಯಿತು. ಹಿಡಿದ ಸ್ಥಳದಿಂದ ಬೇರೆಡೆಗೆ ಒಯ್ದು ಬಿಟ್ಟ ಹಾವು, ತನ್ನ ನೆಲದಲ್ಲೇ ಇದ್ದ ಹಾವಿಗಿಂತ ಬಹಳ ಹೆಚ್ಚು ದೂರ ಅಲೆಯಿತು. ಹಾವಿಗೂ ತನ್ನದೆಂಬ ನೆಲೆಯ ಗುರುತಿದೆ. ದೂರದ ಕಾಡಿಗೆ ಬಿಟ್ಟುಬಂದೆವೆಂದು ಸಮಾಧಾನ ಪಡುವುದು ಸರಿಯಲ್ಲ.

ಕಲ್ಲಿನ ನಾಗನಿಗೆ ಒಂದು ನಡತೆ, ಜೀವವುಳ್ಳ ನಾಗನಿಗೆ ಇನ್ನೊಂದು ನಡತೆ ತೋರುವ ಲೋಕದ ವಿಪರ್ಯಾಸವನ್ನು ಬಸವಣ್ಣನವರು ಎತ್ತಿ ತೋರಿಸಿದ್ದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಇಂದು ಅದಕ್ಕೆ ಮೂರನೆಯ ನಡತೆಯೊಂದು ಸೇರಿದೆ. ಪೂಜಿಸುವುದೂ ಅಲ್ಲ, ಕೊಲ್ಲುವುದೂ ಅಲ್ಲ. ಪ್ರೀತಿಯ ಹೆಸರಿನಲ್ಲಿ ಖಾನೆಯಲ್ಲಿಟ್ಟು ಪ್ರದರ್ಶಿಸುವುದು. ಮೂರರಲ್ಲಿಯೂ ಹಾವಿಗೆ ಏನು ಬೇಕೆಂದು ಕೇಳುವವರಿಲ್ಲ.

ಡಬ್ಬಿ ಖಾಲಿಯಾಯಿತು

ಮರುದಿನ ಬೆಳಗ್ಗೆ ನಾವೆಲ್ಲ ಸೇರಿ ಅರಣ್ಯ ಇಲಾಖೆಗೆ ವಿಷಯ ತಿಳಿಸಿದೆವು. ಹುಡುಗನ ತಂದೆಗೆ ಮನಸ್ಸಿನಲ್ಲಿ ಅಳುಕಿತ್ತು. ಆದರೂ ಮುಚ್ಚಿಡುವುದಕ್ಕಿಂತ ಹೇಳುವುದೇ ಲೇಸೆಂದು ಒಪ್ಪಿದರು. ಇಲಾಖೆಯವರ ಜೊತೆ ಹಾವುಗಳನ್ನು ಬಲ್ಲವರೊಬ್ಬರು ಬಂದು ನೋಡಿ, ಕೇರೆಮರಿಯೇ ಎಂದು ಖಚಿತಪಡಿಸಿದರು. ಈ ವಯಸ್ಸಿನಲ್ಲಿ ಅದರ ಆಹಾರ ಮುಖ್ಯವಾಗಿ ಕಪ್ಪೆ; ಬೆಳೆದರೆ ಆರೇಳು ಅಡಿಯಾಗಿ ಇಲಿಗಳ ಬೇಟೆಗಾರನಾಗುತ್ತದೆ; ಹಗಲೆಲ್ಲ ವೇಗವಾಗಿ ಹರಿದಾಡುವ ಈ ಹಾವಿಗೆ ಯಾವ ರ‍್ಯಾಕಿನ ಖಾನೆಯೂ ಸಾಲದು ಎಂದು ಹುಡುಗನಿಗೆ ತಿಳಿಸಿ ಹೇಳಿದರು. ಕಟ್ಟುಹಾವಿನ ಮರಿಯನ್ನು ವಿಷವಿಲ್ಲದ ತೋಳಹಾವೆಂದು ತಿಳಿದು ಕೈಯಲ್ಲಿ ಹಿಡಿದವರ ಗತಿಯನ್ನೂ ಹೇಳಿದರು. ಹುಡುಗನ ಮುಖ ಸಣ್ಣದಾಯಿತು.

ಮೂಲೆಯ ಮರಿಯ ಮೂತಿಯ ತುದಿ ತಿಕ್ಕಿ ತಿಕ್ಕಿ ಕೆಂಪಾಗಿತ್ತು. ಮೂರೇ ದಿನಗಳ ಸೆರೆವಾಸದ ಫಲ ಅದು. ಗಾಯ ಮೇಲುಮೇಲಿನದು, ಮಾಯುತ್ತದೆ ಎಂದರು. ಅದು ಸಿಕ್ಕಿದ್ದ ತೋಟದ ಅಂಚಿಗೇ ಒಯ್ದು, ಕಲ್ಲುಕಟ್ಟಣೆಯ ಬಳಿ ಡಬ್ಬಿಯನ್ನು ಅಡ್ಡಲಾಗಿಟ್ಟು ಮುಚ್ಚಳ ತೆಗೆದರು. ಮರಿ ಒಂದು ಗಳಿಗೆ ತಲೆಯೆತ್ತಿ ನಾಲಗೆ ಚಾಚಿತು. ಆಮೇಲೆ ಮೈಯನ್ನು ಉದ್ದಕ್ಕೆ ಚಾಚಿ, ನೆಟ್ಟಗೆ ಗೆರೆ ಎಳೆದಂತೆ ಹರಿದು ಕಲ್ಲಿನ ಸಂದಿಯಲ್ಲಿ ಮಾಯವಾಯಿತು. "ಡಬ್ಬಿಯೊಳಗ ಒಮ್ಮೆನೂ ಹಿಂಗ ಚಾಚಿರಲಿಲ್ಲ ಕಾಕಾ" ಎಂದು ಹುಡುಗ ಮೆಲ್ಲಗೆ ಹೇಳಿದನು. ಗೂಡಿನ ಅಳತೆಯ ಬಗೆಗೆ ನಾವು ಹಿಂದಿನ ರಾತ್ರಿ ಹೇಳಿದ ಮಾತೆಲ್ಲವನ್ನೂ ಅವನು ಆ ಒಂದು ಕ್ಷಣದಲ್ಲಿ ಕಣ್ಣಾರೆ ಕಂಡನು.

ಓದುಗ ಬಂಧುಗಳಿಗೆ ಕೆಲವು ಮಾತುಗಳು. ಮನೆಯಲ್ಲಿಯೋ ಹಿತ್ತಿಲಲ್ಲಿಯೋ ಹಾವಿನ ಮರಿ ಕಂಡರೆ ಕೈಹಾಕಬೇಡಿರಿ, ಕೊಲ್ಲಬೇಡಿರಿ. ದೂರ ನಿಂತು ಗಮನಿಸಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿರಿ. ಕಚ್ಚಿದರೆ ಮಂತ್ರ, ನಾಟಿಮದ್ದು ಎಂದು ಕಾಲಹರಣ ಮಾಡದೆ, ಕಟ್ಟು ಬಿಗಿಯದೆ, ಕೊಯ್ಯದೆ, 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ನಮ್ಮ ರಾಜ್ಯದಲ್ಲಿ 2024ರಿಂದ ಹಾವುಕಡಿತವು ಆಸ್ಪತ್ರೆಗಳು ಸರ್ಕಾರಕ್ಕೆ ವರದಿಮಾಡಲೇಬೇಕಾದ ಪ್ರಕರಣವಾಗಿದೆ. ಮಗನೋ ಮಗಳೋ ಹಾವು ಸಾಕುವ ಆಸೆಯನ್ನು ತೋಡಿಕೊಂಡರೆ ಗದರಿಸಬೇಡಿರಿ. ಅದರ ಪೂರ್ತಿ ಉದ್ದವೆಷ್ಟು, ಅದು ಎಷ್ಟು ವರ್ಷ ಬದುಕುತ್ತದೆ, ಏನು ತಿನ್ನುತ್ತದೆ, ಕಾಯ್ದೆ ಏನು ಹೇಳುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಅವರ ಕೈಯಲ್ಲೇ ಉತ್ತರ ಬರೆಯಿಸಿರಿ. ಅಂಥ ಆಸಕ್ತಿಯಿರುವ ಮಕ್ಕಳನ್ನು ಪಿಲಿಕುಳಕ್ಕೋ ಆಗುಂಬೆಗೋ ಕರೆದೊಯ್ಯಿರಿ. ಕೂಡಿಹಾಕದೆಯೂ ಪ್ರೀತಿಸಬಹುದೆಂಬುದನ್ನು ಅವರು ಅಲ್ಲಿ ಕಲಿಯುತ್ತಾರೆ.

ನಾವು ಹೊರಡುವ ದಿನ ಹುಡುಗ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಿದ್ದನು. ಅದರಲ್ಲಿ ಮತ್ತೆ ರೊಟ್ಟಿ ಇಡಲು ಅಜ್ಜಿ ಮಾತ್ರ ಒಪ್ಪಲಿಲ್ಲ. ಅದೀಗ ಅವನ ನೋಟುಬುಕ್ಕುಗಳ ಪೆಟ್ಟಿಗೆಯಾಗಿದೆ. ಕಪಾಟಿನ ನಕ್ಷೆ ಬರೆದಿದ್ದ ಹಾಳೆಯ ಹಿಂಬದಿಯಲ್ಲಿ ಅವನು ಈಗ ತೋಟದಲ್ಲಿ ಕಂಡ ಹಾವುಗಳ ಹೆಸರು, ಕಂಡ ದಿನ, ಕಂಡ ಜಾಗ ಇವುಗಳನ್ನು ಬರೆಯುತ್ತಿದ್ದಾನೆಂದು ಮೊನ್ನೆ ಬಂದ ಪತ್ರದಿಂದ ತಿಳಿಯಿತು. ಆ ಪಟ್ಟಿಯ ಮೊದಲ ಸಾಲಿನಲ್ಲಿ ಕೇರೆಯ ಹೆಸರಿದೆಯಂತೆ.